ಬೀರುವಿನ ಕಾಲಂ ಮತ್ತು ಮಾದೇಗೌಡರ ಜೇನು

ನಿವೃತ್ತಿಯಾದ ಮೇಲೆ ನನ್ನನ್ನು ಮಾತನಾಡಿಸಲು ಬರುವ ಹುಡುಗ ಹುಡುಗಿಯರೆಲ್ಲ ಕೇಳುವುದು ಒಂದೇ ಪ್ರಶ್ನೆ, ಮೇಡಂ ಯಾವ ಕಾಲಂ ಒಳ್ಳೆಯದು ಅಂತ. ಎಂ.ಎಸ್ಸಿ. ಮುಗಿಸಿ ಲ್ಯಾಬು ಸೇರಿ ಒಂದು ತಿಂಗಳಾಗಿರುವುದಿಲ್ಲ, ಕಂಪನಿಯವರು ಹಂಚಿದ ಬಣ್ಣದ ಪುಸ್ತಕ ಕೈಯಲ್ಲಿರುತ್ತದೆ. ನನಗೆ ರೇಗುತ್ತದೆ. ಯಾವ ಸೀರೆ ಒಳ್ಳೆಯದು ಅಂತ ಕೇಳಿದರೆ ಯಾರಿಗೆ, ಯಾವ ಕಾರ್ಯಕ್ಕೆ ಅಂತ ಅಂಗಡಿಯವನೂ ಕೇಳುತ್ತಾನೆ. ಇವರಿಗೆ ಅದು ಹೊಳೆಯುವುದಿಲ್ಲ. ಹುಣಸೂರಿನ ಹೊರಗಿದ್ದ ಒಂದು ಖಾಸಗಿ ಪರೀಕ್ಷಾಲಯದಲ್ಲಿ, ಬೆರೆತ ವಸ್ತುಗಳನ್ನು ಬಿಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರದ ಮುಂದೆ ಮೂವತ್ತು ವರ್ಷ ಕೂತೆದ್ದವಳು ನಾನು. ಹುಟ್ಟಿದ್ದು ಮಿರ್ಲೆ, ಮನೆ ಕೆ.ಆರ್. ನಗರ, ದಿನವೂ ಬಸ್ಸು. ಎರಡು ಪ್ರಮೋಷನ್ ಸಿಕ್ಕಿತು, ಅದರ ಕಥೆ ಯಾರಿಗೂ ಬೇಡ. ಕಾಲಂಗಳ ಕಥೆ ಹೇಳುತ್ತೇನೆ. ಅದರಲ್ಲಿ ನನ್ನ ಸಹಿಯಿಂದ ಆದ ಒಂದು ಅನ್ಯಾಯವೂ ಇದೆ.

ಯಂತ್ರ ನೋಡದವರೂ ಓದಲಿ ಅಂತ ಮೊದಲು ಕಾಲಂ ಎಂದರೇನು ಎಂದು ಹೇಳಿಬಿಡುತ್ತೇನೆ. ಬೆರಳುದ್ದದಿಂದ ಗೇಣುದ್ದದವರೆಗಿನ, ಪೆನ್ನಿನಷ್ಟು ದಪ್ಪದ ಸ್ಟೀಲ್ ಕೊಳವೆ ಅದು. ಒಳಗೆ ಕಣ್ಣಿಗೆ ಬಿಡಿಯಾಗಿ ಕಾಣದಷ್ಟು ಸಣ್ಣ ಮಣಿಗಳನ್ನು ಒತ್ತಿ ತುಂಬಿರುತ್ತಾರೆ. ಒಂದು ತುದಿಯಿಂದ ಪಂಪು ದ್ರಾವಣವನ್ನು ತಳ್ಳುತ್ತದೆ, ಅದರ ಜೊತೆ ನಮ್ಮ ಸ್ಯಾಂಪಲ್ಲಿನ ಒಂದು ಹನಿ. ಸಂತೆಯ ಬೀದಿಗೆ ಒಟ್ಟಿಗೆ ನುಗ್ಗಿದ ಜನ ಒಟ್ಟಿಗೆ ಆಚೆ ಬರುತ್ತಾರೆಯೇ? ಬಳೆ ಅಂಗಡಿಯ ಮುಂದೆ ನಿಲ್ಲುವವರು ತಡ, ಏನೂ ಬೇಡದವರು ಬೇಗ. ಹಾಗೆಯೇ ಸ್ಯಾಂಪಲ್ಲಿನ ಒಂದೊಂದು ವಸ್ತುವೂ ಮಣಿಗಳ ಹತ್ತಿರ ನಿಂತು ನಿಂತು ಬೇರೆ ಬೇರೆ ಹೊತ್ತಿಗೆ ಹೊರಬರುತ್ತದೆ, ಕಾಗದದ ಮೇಲೋ ಪರದೆಯ ಮೇಲೋ ಒಂದೊಂದು ಗುಡ್ಡವಾಗಿ ಏಳುತ್ತದೆ. ಗುಡ್ಡ ಚೂಪಾಗಿದ್ದರೆ ಪಕ್ಕದ ಗುಡ್ಡದಿಂದ ಬಿಡಿಸಿ ನೋಡಬಹುದು. ಅಗಲವಾಗಿ ಚೆಲ್ಲಿಕೊಂಡರೆ ಎರಡು ಸೇರಿ ಒಂದಾಗುತ್ತವೆ. ಎಷ್ಟು ಚೂಪು ಎನ್ನುವುದಕ್ಕೆ ಪ್ಲೇಟ್ ಎಂಬ ಲೆಕ್ಕವಿದೆ. ಪ್ಲೇಟ್ ಹೆಚ್ಚಿದ್ದಷ್ಟೂ ಕಾಲಂ ಚುರುಕು. ವಿಷಯ ಇಷ್ಟೇ. ಇಷ್ಟಕ್ಕೆ ಜನ ಆಡಿದ ಆಟ ಹೇಳತೀರದು.

ನಾನು ಸೇರಿದಾಗ ಪರದೆ ಇರಲಿಲ್ಲ. ಕಾಗದದ ಸುರುಳಿಯ ಮೇಲೆ ಪೆನ್ನು ಓಡುತ್ತಿತ್ತು. ಗುಡ್ಡದ ಎರಡೂ ಮಗ್ಗುಲಿಗೆ ಸ್ಕೇಲಿಟ್ಟು ಗೆರೆ ಎಳೆದು, ಬುಡದ ಅಗಲ ಅಳೆದು, ಗುಡ್ಡ ಎದ್ದ ದೂರವನ್ನು ಅದರಿಂದ ಭಾಗಿಸಿ, ವರ್ಗ ಮಾಡಿ, ಹದಿನಾರರಿಂದ ಗುಣಿಸಬೇಕು. ಪೆನ್ಸಿಲ್ ಮೊಂಡಾಗಿದ್ದ ದಿನ ಕಾಲಮ್ಮಿನ ಪ್ಲೇಟೂ ಕಡಿಮೆಯಾಗುತ್ತಿತ್ತು. ಮೇಲಿನವರು ಬೈದರೆ ಪೆನ್ಸಿಲ್ ಚೂಪು ಮಾಡಿಕೊಂಡು ಬಂದು ಅದೇ ಗುಡ್ಡವನ್ನು ಮತ್ತೆ ಅಳೆಯುತ್ತಿದ್ದೆವು, ಪ್ಲೇಟ್ ಏರುತ್ತಿತ್ತು. ನಗಬೇಡಿ, ಈಗಿನವರು ಕಂಪ್ಯೂಟರಿನಲ್ಲಿ ಗುಡ್ಡದ ಬುಡದ ಗೆರೆಯನ್ನು ಆಚೀಚೆ ಎಳೆದು ಮಾಡುವುದೂ ಅದನ್ನೇ. ಪಿರಿಯಾಪಟ್ಟಣದ ಕಡೆಯ ತಂಬಾಕು ಆಗ ನಮ್ಮ ಮುಖ್ಯ ಕೆಲಸ. ಲ್ಯಾಬಿನ ಪರದೆ ಬಟ್ಟೆಯೂ ನನ್ನ ಊಟದ ಡಬ್ಬಿಯೂ ತಂಬಾಕು ನಾರುತ್ತಿದ್ದವು.

ಸೇರಿದ ಎರಡನೇ ವರ್ಷವೇ ನಾನು ಒಂದು ಕಾಲಮ್ಮನ್ನು ಕೊಂದೆ. ಗೌರಿ ಗಣೇಶ ಹಬ್ಬಕ್ಕೆ ಮೂರು ದಿನ ರಜೆ. ಮಿರ್ಲೆಯ ಬಸ್ಸು ತಪ್ಪೀತೆಂದು ಅವಸರದಲ್ಲಿ, ಉಪ್ಪು ಕರಗಿಸಿದ ದ್ರಾವಣ ಕಾಲಮ್ಮಿನೊಳಗಿದ್ದ ಹಾಗೆಯೇ ಯಂತ್ರ ಆರಿಸಿ ಹೊರಟೆ. ನೀರಿನಿಂದ ತೊಳೆದು ಹೋಗಬೇಕಿತ್ತು. ರಜೆ ಮುಗಿಸಿ ಬಂದವಳು ಆ ತಪ್ಪನ್ನು ಮುಚ್ಚಿಹಾಕಲು ಇನ್ನೂ ದೊಡ್ಡ ತಪ್ಪು ಮಾಡಿದೆ. ನೀರು ಹಾಯಿಸದೆ ನೇರವಾಗಿ ಮೆಥನಾಲ್ ಹಾಯಿಸಿದೆ. ಮೆಥನಾಲಿನಲ್ಲಿ ಆ ಉಪ್ಪು ಕರಗುವುದಿಲ್ಲ, ಒಳಗೇ ಹರಳುಗಟ್ಟಿತು. ಪಂಪಿನ ಒತ್ತಡ ತೋರಿಸುವ ಮುಳ್ಳು ಮೇಲೆ ಮೇಲೆ ಹೋಗಿ ಯಂತ್ರ ನಿಂತಿತು. ಪರದೇಶದಿಂದ ತರಿಸಿದ ಕಾಲಂ, ಇನ್ನೊಂದು ಬರಲು ಎರಡು ತಿಂಗಳು ಹಿಡಿಯಿತು.

ನಮ್ಮ ಮ್ಯಾನೇಜರು ಶ್ರೀಕಂಠಯ್ಯನವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವರು ಎರಡು ಕಾಲಂ ತರಿಸಿದರು, ಒಂದನ್ನು ನನ್ನ ಕೈಗೆ ಕೊಟ್ಟರು, ಇನ್ನೊಂದನ್ನು ತಮ್ಮ ಕೋಣೆಯ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಅಂದು ಶುರುವಾದ ಪದ್ಧತಿ ಅವರು ಲ್ಯಾಬು ಬಿಡುವವರೆಗೂ ನಡೆಯಿತು. ಬೀರುವಿನಲ್ಲಿರುವುದಕ್ಕೆ ನಾವೆಲ್ಲ ಮಡಿ ಕಾಲಂ ಎನ್ನುತ್ತಿದ್ದೆವು. ತಪಾಸಣೆಗೆ ಹೊರಗಿನವರು ಬಂದ ದಿನ ಮಾತ್ರ ಅದು ಹೊರಗೆ ಬರುತ್ತಿತ್ತು. ಶ್ರೀಕಂಠಯ್ಯನವರೇ ಎರಡೂ ಕೈಯಲ್ಲಿ ಹಿಡಿದು ತಂದು ಕೊಡುತ್ತಿದ್ದರು, ನಾನು ಜೋಡಿಸುತ್ತಿದ್ದೆ. ಪ್ಲೇಟ್ ಕಣ್ಣು ಕುಕ್ಕುವಂತೆ ಬರುತ್ತಿತ್ತು. ಬಂದವರು ಭೇಷ್ ಎಂದು ಬರೆದು, ಊಟ ಮಾಡಿ, ಮೈಸೂರಿಗೆ ಹೊರಡುತ್ತಿದ್ದರು. ಅವರ ಕಾರು ಗೇಟು ದಾಟುವ ಮೊದಲೇ ಮಡಿ ಕಾಲಂ ಬೀರು ಸೇರುತ್ತಿತ್ತು. ಆಯುಧಪೂಜೆಯ ದಿನ ಯಂತ್ರಗಳ ಜೊತೆ ಅದಕ್ಕೂ ಅರಿಶಿನ ಕುಂಕುಮ, ಒಂದು ಎಳೆ ಸೇವಂತಿಗೆ. ದಿನವೂ ದುಡಿಯುವ ಕಾಲಮ್ಮಿಗೆ ಏನೂ ಇಲ್ಲ. ಅದು ಸವೆದು, ತಂಬಾಕಿನ ಜಿಡ್ಡು ಕುಡಿದು, ಅರ್ಧಕ್ಕರ್ಧ ಪ್ಲೇಟ್ ಕಳೆದುಕೊಂಡಿದ್ದರೂ ನಡೆಯುತ್ತಿತ್ತು. ಹೊಸದು ಕೊಡಿ ಎಂದರೆ ಇನ್ನೂ ದಮ್ಮಿದೆ ನಡೆಸಿ ಎನ್ನುತ್ತಿದ್ದರು. ನಾನು ಎರಡು ಸಲ ಜಗಳವಾಡಿದೆ. ಮೂರನೇ ಸಲಕ್ಕೆ ಸುಮ್ಮನಾದೆ. ನೀವು ಸುಮ್ಮನಾಗಬೇಡಿ, ಅದಕ್ಕೇ ಬರೆಯುತ್ತಿದ್ದೇನೆ.

ಆಮೇಲೆ ಕಂಪ್ಯೂಟರು ಬಂತು, ಅದರ ಹಿಂದೆಯೇ ಟೈ ಕಟ್ಟಿಕೊಂಡ ಕಾಲಂ ಮಾರುವವರು ಬಂದರು. ಹಳೆಯ ಕಾಲಮ್ಮಿನ ಮಣಿ ಐದು ಮೈಕ್ರಾನ್, ಪೂರ್ತಿ ಸ್ಪಂಜಿನಂತೆ ತೂತು. ಹೊಸದರಲ್ಲಿ ಒಂದು ಜಾತಿಯದು ನೇರಳೆ ಹಣ್ಣಿನ ಹಾಗೆ, ನಡುವೆ ಗಟ್ಟಿ ಬೀಜ, ಸುತ್ತ ತೆಳು ತಿರುಳು. ಒಳಹೊಕ್ಕ ವಸ್ತು ಆಳಕ್ಕೆ ಹೋಗಿ ಕಳೆದುಹೋಗುವುದಿಲ್ಲ, ಬೇಗ ಹೊರಬರುತ್ತದೆ, ಹಾಗಾಗಿ ಗುಡ್ಡ ಚೂಪು. ಇನ್ನೊಂದು ಜಾತಿಯದರ ಮಣಿ ಎರಡು ಮೈಕ್ರಾನಿಗೂ ಸಣ್ಣದು. ಅದು ಎಲ್ಲಕ್ಕಿಂತ ಚುರುಕು, ಆದರೆ ಅಷ್ಟು ಸಣ್ಣ ಮಣಿಗಳ ನಡುವೆ ದ್ರಾವಣ ನುಗ್ಗಿಸಲು ಪಂಪಿಗೆ ರಾಕ್ಷಸ ಬಲ ಬೇಕು. ಮೂರನ್ನೂ ಹೋಲಿಸಿ ಯಾವುದು ಚುರುಕು ಎಂದು ಒಂದು ಪುಟದಲ್ಲಿ ಬರೆದು ಕಳಿಸಿ ಎಂದು ಮೇಲಿನ ಆಫೀಸಿನಿಂದ ಆರ್ಡರು ಬಂತು.

ಆ ಹೋಲಿಕೆ ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಹಳೆಯ ಜಾತಿಯ ಪರವಾಗಿ ಶ್ರೀಕಂಠಯ್ಯನವರು ಬೀರು ತೆಗೆದು ಮಡಿ ಕಾಲಂ ಕೊಟ್ಟರು. ದಿನಾ ಓಡಿಸುವುದನ್ನೂ ಪಟ್ಟಿಗೆ ಸೇರಿಸೋಣ ಸಾರ್, ಅದರ ಮೇಲೆ ತಾನೇ ನಾವು ರಿಪೋರ್ಟ್ ಕೊಡುವುದು ಎಂದೆ. ಹಳೆಯದರ ಮಾನ ಕಳೆಯಬೇಕಾ ಎಂದು ನಕ್ಕರು. ಎರಡು ಮೈಕ್ರಾನಿಗೂ ಸಣ್ಣ ಮಣಿಯದನ್ನು ಹಾಕಿದೆವು, ಐದು ನಿಮಿಷಕ್ಕೆ ಪಂಪು ಕೂಗಿಕೊಂಡು ನಿಂತಿತು. ಅದು ನಮ್ಮ ಯಂತ್ರದ ತಾಕತ್ತಿಗೆ ಮೀರಿದ್ದು, ಹೋಗಲಿ. ನೇರಳೆ ಜಾತಿಯದು ಮಡಿ ಕಾಲಮ್ಮಿಗಿಂತ ಚೂಪಾದ ಗುಡ್ಡ ಕೊಡಬೇಕಿತ್ತು, ಕೊಡಲಿಲ್ಲ. ನೋಡಿದಿರಾ, ಬರೀ ಬಣ್ಣದ ಪುಸ್ತಕ ಎಂದು ಶ್ರೀಕಂಠಯ್ಯನವರು ಅವತ್ತೇ ಪಟ್ಟಿ ಬರೆದು ಕಳಿಸಿಬಿಟ್ಟರು. ಹಳೆಯದೇ ಸರಿ, ಹೊಸದು ದಂಡ.

ನನಗೆ ಸಮಾಧಾನವಾಗಲಿಲ್ಲ. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಕಣ್ಣು ಕಾಲಮ್ಮಿನಿಂದ ಆಚೆಯ ಸಣ್ಣ ಪೈಪಿನ ಮೇಲೆ ಬಿತ್ತು. ಕೆಲವು ವರ್ಷಗಳ ಹಿಂದೆ ರಿಪೇರಿಗೆ ಬಂದ ಇಂಜಿನಿಯರು, ತೆಳು ಪೈಪು ಪದೇ ಪದೇ ಕಟ್ಟಿಕೊಳ್ಳುತ್ತದೆ ಎಂದು ಅಗಲ ತೂತಿನದನ್ನು, ಅದೂ ಮೊಳದುದ್ದ ಸುತ್ತಿ ಹಾಕಿ ಹೋಗಿದ್ದ. ಕಾಲಂ ಎಷ್ಟು ಚೆನ್ನಾಗಿ ಬಿಡಿಸಿಕೊಟ್ಟರೂ ಆ ಪೈಪಿನೊಳಗೆ ಎಲ್ಲ ಮತ್ತೆ ಕಲಸಿಹೋಗುತ್ತಿತ್ತು. ಉದ್ದನೆಯ ಹಳೆ ಕಾಲಮ್ಮಿನ ಅಗಲ ಗುಡ್ಡಕ್ಕೆ ಅದು ಅಷ್ಟಾಗಿ ತಟ್ಟುವುದಿಲ್ಲ, ಗಿಡ್ಡನೆಯ ನೇರಳೆ ಕಾಲಮ್ಮಿನ ಚೂಪು ಗುಡ್ಡವನ್ನು ಮೊಂಡು ಮಾಡಿಬಿಡುತ್ತದೆ. ಸ್ಪ್ಯಾನರ್ ತೆಗೆದುಕೊಂಡು ನಾನೇ ತೆಳು ಪೈಪನ್ನು ಗಿಡ್ಡ ಕತ್ತರಿಸಿ ಜೋಡಿಸಿದೆ. ಅರ್ಧಕ್ಕಿಂತ ಕಡಿಮೆ ಉದ್ದದ ನೇರಳೆ ಕಾಲಂ ಮಡಿ ಕಾಲಮ್ಮನ್ನು ಹಿಂದೆ ಹಾಕಿತು, ಅದೂ ಅರ್ಧ ಹೊತ್ತಿನಲ್ಲಿ. ಪ್ರಿಂಟು ತೆಗೆದು ಒಯ್ದು ಟೇಬಲ್ಲಿನ ಮೇಲಿಟ್ಟೆ. ಪಟ್ಟಿ ಆಗಲೇ ಹೋಯಿತಲ್ಲ ಶಾರದಮ್ಮ ಎಂದರು ಶ್ರೀಕಂಠಯ್ಯನವರು. ಅಷ್ಟೇ. ಪಟ್ಟಿ ಹೋದ ಮೇಲೆ ಸತ್ಯ ಬಂದರೆ ಅದಕ್ಕೆ ಕೂರಲು ಕುರ್ಚಿಯೂ ಇಲ್ಲ. ನೇರಳೆ ಕಾಲಂ ನನ್ನ ಡ್ರಾಯರು ಸೇರಿತು. ದಿನದ ಕೆಲಸ ಮತ್ತೆ ಸವೆದ ಕಾಲಮ್ಮಿನ ಮೇಲೆ.

ಈಗ ಜೇನಿನ ವಿಷಯ. ತಂಬಾಕು ಕಡಿಮೆಯಾಗುತ್ತಾ ಬಂದ ಹಾಗೆ ನಮಗೆ ಶುಂಠಿ, ಅರಿಶಿನ, ಜೇನು ಬರತೊಡಗಿದವು. ಜೇನನ್ನು ಕಾಯಿಸಿದರೆ ಎಚ್‌ಎಂಎಫ್ ಎಂಬ ವಸ್ತು ಹೆಚ್ಚುತ್ತದೆ. ಅದು ಮಿತಿ ಮೀರಿದ್ದರೆ ಜೇನು ಕಾಯಿಸಿದ್ದು ಅಥವಾ ತೀರಾ ಹಳೆಯದು ಎಂದರ್ಥ, ಕೊಳ್ಳುವವರು ಮುಟ್ಟುವುದಿಲ್ಲ. ಎಚ್.ಡಿ. ಕೋಟೆಯ ಆಚೆ, ಅಂತರಸಂತೆ ಕಡೆಯ ಒಂದು ಊರಿನ ಜೇನು ಬಂತು. ಸವೆದ ಕಾಲಮ್ಮಿಗೆ ಹಾಕಿದೆ. ಎಚ್‌ಎಂಎಫ್ ಬರುವ ಜಾಗದಲ್ಲಿ ಎತ್ತರದ ಗುಡ್ಡ, ಮಿತಿಗಿಂತ ಬಹಳ ಮೇಲೆ. ಗುಡ್ಡದ ಎಡಗಡೆ ಒಂದು ಸಣ್ಣ ಉಬ್ಬಿತ್ತು. ಅದನ್ನು ನಾನು ನೋಡಿದೆ. ಇದು ಸವೆದ ಕಾಲಂ ತಾನೇ, ಗುಡ್ಡ ಸೊಟ್ಟ ಬರುವುದು ಇದ್ದದ್ದೇ ಎಂದುಕೊಂಡೆ. ಹನ್ನೆರಡು ಸ್ಯಾಂಪಲ್ ಸಾಲಾಗಿ ಕಾಯುತ್ತಿದ್ದವು. ಸಹಿ ಮಾಡಿದೆ.

ಮೂರು ವಾರ ಬಿಟ್ಟು ಮಾದೇಗೌಡರು ಬಂದರು. ಐವತ್ತರ ಆಸುಪಾಸಿನ ರೈತ. ಒಂದು ಕೈಯಲ್ಲಿ ಜೇನಿನ ಬಾಟಲಿ, ಜೇಬಿನಲ್ಲಿ ನನ್ನ ರಿಪೋರ್ಟು ಎಂಟು ಮಡಿಕೆಯಾಗಿ. ಅವರು ಹೇಳಿದ್ದರ ಸಾರಾಂಶ ಇಷ್ಟು. ಊರಿನ ಹನ್ನೊಂದು ಮನೆಯವರಿಗೆ ಜೇನುಪೆಟ್ಟಿಗೆ ಇಡಿಸಿದವರು ಅವರೇ. ಎಲ್ಲರ ಜೇನನ್ನೂ ಒಟ್ಟು ಮಾಡಿ ಸೋಸಿದ್ದು ಅವರ ಮನೆಯ ಹಿಂದಿನ ಕೋಣೆಯಲ್ಲಿ, ಬೀಗದ ಕೈ ಅವರ ಹತ್ತಿರ. ಮೈಸೂರಿನ ವ್ಯಾಪಾರಿ ರಿಪೋರ್ಟು ತೋರಿಸಿ ಜೇನನ್ನೆಲ್ಲ ವಾಪಸು ಕಳಿಸಿದ. ಬೇಗ ಸೋಸಲೆಂದು ಗೌಡ ಒಲೆ ಮೇಲಿಟ್ಟು ಕಾಯಿಸಿದ ಎಂದು ಊರು ತೀರ್ಮಾನ ಮಾಡಿತ್ತು. ಇಬ್ಬರು ಪೆಟ್ಟಿಗೆ ಎತ್ತಿಕೊಂಡು ಹೋಗಿದ್ದರು. ಹೆಂಡತಿಯ ಅಣ್ಣನೇ ಡೈರಿಯಲ್ಲಿ ಎದುರಾದರೆ ಮುಖ ತಿರುಗಿಸುತ್ತಿದ್ದನಂತೆ.

"ಕಾಯಿಸಿದ್ರೆ ಕಾಯಿಸ್ದೆ ಅಂತೀನಿ ಕಣ್ರೀ ಮೇಡಂ. ಕಾಯಿಸ್ದೆ ಇರೋದ ಎಂಗೆ ಒಪ್ಕಳ್ಳನ? ನೀವು ಇನ್ನೊಂದು ಕಿತ ನನ್ ಮುಂದೆ ಮಾಡಿ. ನಂಗೇನೂ ತಿಳಿಯಾಕಿಲ್ಲ, ಆದ್ರೂ ಕುಂತ್ಕಂಡು ನೋಡ್ತೀನಿ."

ಅವತ್ತು ಶ್ರೀಕಂಠಯ್ಯನವರು ರಜೆ, ಬೀರುವಿನ ಬೀಗದ ಕೈ ಅವರ ಜೊತೆ ಮೈಸೂರಿನಲ್ಲಿ. ಸವೆದ ಕಾಲಮ್ಮಿಗೇ ಮತ್ತೆ ಹಾಕಿದರೆ ಅದು ಅದನ್ನೇ ಹೇಳುತ್ತದೆ. ಆ ಉಬ್ಬು ನೆನಪಾಯಿತು. ಡ್ರಾಯರಿನಿಂದ ನೇರಳೆ ಕಾಲಂ ತೆಗೆದು ಜೋಡಿಸಿದೆ. ಮೊದಲು ತಂದಿದ್ದ ಸ್ಯಾಂಪಲ್ಲಿನ ಉಳಿಕೆ ಫ್ರಿಜ್ಜಿನಲ್ಲಿ ಇತ್ತು, ಅದನ್ನೇ ಹಾಕಿದೆ. ಮಾದೇಗೌಡರು ಸ್ಟೂಲಿನ ಮೇಲೆ ಕೂತು ಪರದೆಯನ್ನು ರೆಪ್ಪೆ ಬಡಿಯದೆ ನೋಡುತ್ತಿದ್ದರು.

ಒಂದು ಗುಡ್ಡದ ಜಾಗದಲ್ಲಿ ಎರಡು ಎದ್ದವು. ಮೊದಲನೆಯದು ಗಿಡ್ಡ, ಎರಡನೆಯದು ಎತ್ತರ, ನಡುವೆ ಚೊಕ್ಕವಾದ ಕಣಿವೆ.

"ಇದ್ಯಾಕೆ ಎಲ್ಡು ಬಂತು? ಅವತ್ತಿಂದು ಒಂದೇ ಅಲ್ವರಾ?" ಎಂದರು ಗೌಡರು. ರಿಪೋರ್ಟಿನ ಹಿಂದೆ ಲಗತ್ತಿಸಿದ್ದ ಚಿತ್ರವನ್ನು ಅವರು ಅಷ್ಟು ದಿನ ದಿಟ್ಟಿಸಿ ದಿಟ್ಟಿಸಿ ಬಾಯಿಪಾಠ ಮಾಡಿಕೊಂಡಿದ್ದರು.

ಯಾವುದು ಎಚ್‌ಎಂಎಫ್ ಎಂದು ತಿಳಿಯಲು ಅದೇ ಜೇನಿಗೆ ಒಂಚೂರು ಶುದ್ಧ ಎಚ್‌ಎಂಎಫ್ ಬೆರೆಸಿ ಮತ್ತೆ ಹಾಕಿದೆ. ಗಿಡ್ಡದ್ದು ಬೆಳೆಯಿತು, ಎತ್ತರದ್ದು ಅಲ್ಲಾಡಲಿಲ್ಲ. ಅಂದರೆ ಆ ಎತ್ತರದ ಗುಡ್ಡ ಬೇರೆ ಯಾವುದೋ ವಸ್ತು, ಹೂವಿನಿಂದ ಬಂದದ್ದೋ ಏನೋ. ಎಚ್‌ಎಂಎಫ್ ಮಿತಿಯೊಳಗೇ ಇತ್ತು. ಮಾದೇಗೌಡರು ಜೇನು ಕಾಯಿಸಿರಲಿಲ್ಲ. ಅವರಿಗೆ ಹಾಗೆಂದು ಹೇಳಿದಾಗ ಟವೆಲಿನಲ್ಲಿ ಮುಖ ಒರೆಸಿಕೊಂಡು ಕುಡಿಯಲು ನೀರು ಕೇಳಿದರು. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಮಾರನೇ ದಿನ ಶ್ರೀಕಂಠಯ್ಯನವರಿಗೆ ಎಲ್ಲವನ್ನೂ ಹೇಳಿದೆ. ಬಣ್ಣದ ಪುಸ್ತಕದ ಕಾಲಂ ನಂಬಿಕೊಂಡು ಮಾತಾಡಬೇಡಿ ಎಂದು ಎದ್ದು, ತಾವೇ ಬೀರು ತೆಗೆದು ಮಡಿ ಕಾಲಂ ತಂದರು. ಜೋಡಿಸಿ ಓಡಿಸಿದೆ. ಅಲ್ಲೂ ಎರಡು ಗುಡ್ಡ. ಕೊಂಚ ಅಗಲ, ಆದರೆ ಎರಡು. ಅಂದರೆ ನೇರಳೆಯೂ ಬೇಕಿರಲಿಲ್ಲ, ಬೀರುವಿನಲ್ಲಿ ಕುಂಕುಮ ಹಚ್ಚಿಸಿಕೊಂಡು ಕೂತಿದ್ದ ಅದೇ ಹಳೆ ಜಾತಿಯ ಕಾಲಮ್ಮನ್ನು ದುಡಿಯಲು ಬಿಟ್ಟಿದ್ದರೂ ಸಾಕಿತ್ತು. ಅವರು ಪರದೆ ನೋಡಿದರು. ಆಮೇಲೆ ಕಾಲಮ್ಮನ್ನು ಬಿಚ್ಚಿಸಿ, ಒರೆಸಿ, ಎರಡೂ ತುದಿಗೆ ಮುಚ್ಚಳ ಹಾಕಿ, ಬೀರುವಿನಲ್ಲಿಟ್ಟು ಬೀಗ ಹಾಕಿದರು. ಇಂಥವರ ಜೊತೆ ಏನು ಮಾಡುತ್ತೀರಿ ಹೇಳಿ?

"ಹೊಸ ಸ್ಯಾಂಪಲ್ ಬಂತು ಅಂತ ಹೊಸ ನಂಬರ್ ಹಾಕಿ ರಿಪೋರ್ಟ್ ಕೊಟ್ಟುಬಿಡಿ ಶಾರದಮ್ಮ. ಹಳೇದನ್ನ ಕೆದಕೋದು ಬೇಡ," ಎಂದರು. ಅವರ ಮಟ್ಟಿಗೆ ಅದು ಧಾರಾಳತನ.

ಮಾದೇಗೌಡರನ್ನು ಕರೆಸಿ ಹೊಸ ರಿಪೋರ್ಟು ಕೊಟ್ಟೆ. ಅವರು ಅದನ್ನು ಓದಿಸಿಕೊಂಡರು, ಮಡಿಚಿ ನನ್ನ ಟೇಬಲ್ಲಿನ ಮೇಲೆ ಇಟ್ಟರು.

"ಈ ಒಸಾ ಕಾಗ್ದ ಇಡ್ಕಂಡು ವೋದ್ರೆ, ಎಲ್ಲಿಂದ್ಲೋ ಒಳ್ಳೆ ಜೇನು ತಂದು ತೋರ್ಸ್ಬುಟ್ಟ ಕಣ್ಲಾ ಅಂತಾರೆ. ಇದು ನಂಗೆ ಬ್ಯಾಡ. ಅವತ್ತಿಂದು ತಪ್ಪು ಅಂತ ಒಂದು ಮಾತು ಬರ್ಕೊಡಿ, ಸಾಕು."

ಬಿಳಿ ಹಾಳೆಯ ಮೇಲೆ ಬರೆದೆ. ಹಿಂದಿನ ರಿಪೋರ್ಟು ತಪ್ಪು, ತಪ್ಪು ನಮ್ಮದು, ಜೇನಿನದಲ್ಲ. ಸಹಿ ಹಾಕಿದೆ. ಶ್ರೀಕಂಠಯ್ಯನವರು ಸೀಲು ಒತ್ತಲು ಒಪ್ಪಲಿಲ್ಲ. ಸೀಲಿಲ್ಲದ ಹಾಳೆಯನ್ನು ಗೌಡರು ತಿರುಗಿಸಿ ತಿರುಗಿಸಿ ನೋಡಿದರು. ಸೀಲಿಲ್ಲದ ಕಾಗದವನ್ನು ಊರು ನಂಬುವುದಿಲ್ಲ ಎಂದು ನನಗೂ ಗೊತ್ತಿತ್ತು. ಮಧ್ಯಾಹ್ನ ಅರ್ಧ ದಿನ ರಜೆ ಬರೆದಿಟ್ಟು ಅವರ ಜೊತೆ ಕೋಟೆಯ ಬಸ್ಸು ಹತ್ತಿದೆ.

ಸಂಜೆ ಹಾಲು ಹಾಕುವ ಹೊತ್ತಿಗೆ ಊರು ಮುಟ್ಟಿದೆವು. ಡೈರಿಯ ಮುಂದೆ ಕ್ಯಾನು ಹಿಡಿದ ಇಪ್ಪತ್ತು ಮೂವತ್ತು ಜನ. ಮಾದೇಗೌಡರು ಸಾಲಿನಿಂದ ದೂರ ನಿಂತರು, ನನ್ನ ಪಕ್ಕಕ್ಕೆ ಬರಲಿಲ್ಲ. ಸಭೆಯಲ್ಲಿ ಮಾತನಾಡಿ ಅಭ್ಯಾಸವಿಲ್ಲದವಳು ನಾನು. ಲ್ಯಾಬಿನವಳು, ರಿಪೋರ್ಟಿನಲ್ಲಿರುವ ಸಹಿ ನನ್ನದು ಎಂದೆ. ನಮ್ಮ ಯಂತ್ರದ ಒಂದು ಕೊಳವೆ ಸವೆದಿತ್ತು, ಅದು ಎರಡನ್ನು ಒಂದು ಮಾಡಿ ತೋರಿಸಿತು, ಅನುಮಾನ ಬಂದರೂ ನಾನು ಸಹಿ ಹಾಕಿದೆ, ಗೌಡರು ಜೇನು ಕಾಯಿಸಿಲ್ಲ ಎಂದೆ. ಗೌಡರ ಹೆಂಡತಿಯ ಅಣ್ಣ ಕ್ಯಾನು ಕೆಳಗಿಟ್ಟು ಅವರ ಹತ್ತಿರ ಹೋಗಿ ನಿಂತ. ಕೆಲಸ ಮುಗಿಯಿತು ಎಂದುಕೊಂಡು ಸೆರಗು ಸರಿಮಾಡಿಕೊಂಡೆ.

ಆಗ ಸಾಲಿನಲ್ಲಿದ್ದ ಒಬ್ಬ ವಯಸ್ಸಾದ ಹೆಂಗಸು, ಹಾಲು ಅಳೆಸಿಕೊಳ್ಳುತ್ತಲೇ ನನ್ನ ಕಡೆ ತಿರುಗಿ ಕೇಳಿದರು. ಕೋಪವಿಲ್ಲ, ಕೊಂಕಿಲ್ಲ, ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳುವ ಹಾಗೆ.

"ನಮ್ಮೂರ್ಗೇನೋ ಬಂದು ಯೋಳ್ಬುಟ್ರಿ, ಒಳ್ಳೇದಾಯ್ತು ಕಣವ್ವ. ಮಿಕ್ಕಿದ ಊರ್ಗೆ ಯಾವಾಗ ವೋಯ್ತೀರಿ?"

ವಾಪಸು ಬರುವ ಬಸ್ಸಿನಲ್ಲಿ ಕೂತು ದಾರಿಯುದ್ದಕ್ಕೂ ಶ್ರೀಕಂಠಯ್ಯನವರ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ. ಮಾರನೇ ದಿನ ರಿಜಿಸ್ಟರು ತೆಗೆದೆ. ಆ ಸವೆದ ಕಾಲಮ್ಮಿನ ಮೇಲೆ ಓಡಿಸಿ ಕಾಯಿಸಿದ ಜೇನು ಎಂದು ನಾನು ಸಹಿ ಮಾಡಿದ ರಿಪೋರ್ಟುಗಳು ಇನ್ನೂ ಹನ್ನೊಂದು ಇದ್ದವು. ಅವುಗಳಲ್ಲಿ ನಾಲ್ಕರ ಜನ ತಾವೇ ಬಂದು ಸ್ಯಾಂಪಲ್ ಕೊಟ್ಟು ಊರು ಹೆಸರು ಬರೆಸಿದ್ದರು. ನಿವೃತ್ತಿಯ ಒಳಗೆ ಒಂದೊಂದು ಭಾನುವಾರ ಬಿಡುವು ಮಾಡಿಕೊಂಡು ಆ ನಾಲ್ಕು ಊರಿಗೂ ಹೋಗಿ, ಆ ರಿಪೋರ್ಟನ್ನು ನಂಬಬೇಡಿ ಎಂದು ಹೇಳಿ ಬಂದೆ. ಉಳಿದ ಏಳೂ ಸ್ಯಾಂಪಲ್ಲು ವ್ಯಾಪಾರಿಗಳ ಕೈಯಿಂದ ಬಂದಿದ್ದವು. ಹೆಸರಿಲ್ಲ, ಊರಿಲ್ಲ, ಬರೀ ಒಂದು ನಂಬರು. ಸ್ಯಾಂಪಲ್ಲಿನ ಉಳಿಕೆಯನ್ನು ಆಗಲೇ ಎಸೆದಾಗಿತ್ತು. ವ್ಯಾಪಾರಿಗಳನ್ನು ಕೇಳಿದೆ, ನೆನಪಿಲ್ಲ ಎಂದರು. ಆ ಏಳರಲ್ಲಿ ಯಾರು ನಿಜವಾಗಿ ಕಾಯಿಸಿದ್ದರು, ಯಾರು ಕಾಯಿಸಿರಲಿಲ್ಲ ಎನ್ನುವುದು ನನಗೆ ಗೊತ್ತಿಲ್ಲ. ಅವರ ಊರಿನವರು ಮಾತ್ರ ತಮಗೆ ಗೊತ್ತು ಎಂದುಕೊಂಡಿದ್ದಾರೆ, ನನ್ನ ಸಹಿ ನೋಡಿ.